ಬೆರಳಗಲ ಬಾಕಿ

"ಎತ್ತಬ್ಯಾಡ ಅಮ್ಮಿ! ಎತ್ತಿದರ ನೆಟ್ ಹೋಗತೈತಿ!" ಗುಲ್ನಾಜ ಕೂಗಿದಳು.

ಕಿಟಕಿಯಲ್ಲಿಟ್ಟ ಫೋನು ನಡುಗುತ್ತ ಅಂಚಿಗೆ ಸರಿಯುತ್ತಿತ್ತು. ತಾಯಿ ಮದಿನಾಬಿ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಮೇಲೆ ಗಂಡ ಕಾಸೀಮಸಾಬನ ಹೆಸರು. ಅವನು ಬೆಳಿಗ್ಗೆಯೇ ಅಂಕಲಗಿಯಿಂದ ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆದುಕೊಂಡು ಹೋಗಿದ್ದ. ಗಾಡಿ ಮೇಲಿದ್ದಾಗ ಎಂದೂ ಫೋನು ಮಾಡುವವನಲ್ಲ.

ಗುಲ್ನಾಜ ಲ್ಯಾಪ್‌ಟಾಪಿನ ಕಪ್ಪು ಪರದೆಯಿಂದ ಕಣ್ಣು ಕೀಳಲಿಲ್ಲ. ಹೊಸ ಆ್ಯಪ್ ಶುರುಮಾಡುವ ಕಮಾಂಡ್ ಕೊಟ್ಟಾಗಿತ್ತು. ಅದಕ್ಕೆ ಬೇಕಾದ ಫೈಲುಗಳೆಲ್ಲ ಅಮ್ಮನ ಫೋನಿನ ನೆಟ್‌ನಿಂದಲೇ ಇಳಿಯುತ್ತಿದ್ದವು. ಮಧ್ಯಾಹ್ನ ಕೆಲಸದ ಸಂದರ್ಶನದಲ್ಲಿ ಆ ಆ್ಯಪ್ ತೆರೆದು ತೋರಿಸಬೇಕು. ನಡುವೆ ಕಡಿದರೆ ಮತ್ತೆ ಮೊದಲಿನಿಂದ ಇಳಿಸಬೇಕು, ಅಷ್ಟು ಡೇಟಾ ಇವತ್ತು ಉಳಿದಿರಲಿಲ್ಲ.

ಫೋನು ಸುಮ್ಮನಾಯಿತು, ಮತ್ತೆ ನಡುಗಿತು. "ಮೊನ್ನೆ ಕೊಣ್ಣೂರ ರಸ್ತೇದಾಗ ಟ್ರೇಲರ್ ಪಲ್ಟಿ ಆಗಿತ್ತಲ್ಲ..." ಎಂದಳು ಮದಿನಾಬಿ. ಆದರೂ ಎತ್ತಲಿಲ್ಲ, ಮಗಳ ಮುಖ ನೋಡುತ್ತ ನಿಂತಳು. ಲ್ಯಾಪ್‌ಟಾಪಿನಲ್ಲಿ ಫೈಲು ಇಳಿದಷ್ಟೂ ತೋರಿಸುವ ಪಟ್ಟಿ ತುಂಬಲು ಇನ್ನು ಬೆರಳಗಲ ಬಾಕಿ. ಗುಲ್ನಾಜ ದಡಕ್ಕನೆ ಎದ್ದು, ಅಮ್ಮನ ಕೈಯಿಂದ ಫೋನು ಕಸಿದು ತಾನೇ ಎತ್ತಿದಳು. ಬೆನ್ನ ಹಿಂದೆ ನೆಟ್ ಕಡಿದು, ಕಪ್ಪು ಪರದೆಯ ತುಂಬ ಕೆಂಪಕ್ಷರಗಳು ಸುರಿದವು.

"ಅಬ್ಬಾ, ಏನಾತು?"

"ನನಗೇನಾಗತೈತಿ? ಫ್ಯಾಕ್ಟರಿ ಮುಂದ ಗಾಡಿ ಪಾಳಿಗೆ ಹಚ್ಚಿ ನಿಂತೇನಿ," ಅಂದ ಕಾಸೀಮಸಾಬ. "ನಿನ್ನ ಆ್ಯಪ್ ಶುರು ಆತೇನ ಬೇಟಾ? ಅದನ್ನ ಕೇಳಾಕ ಫೋನ್ ಹಚ್ಚಿದೆ."