ಹೊಟ್ಟೆಕಿಚ್ಚಿನ ಕಣ್ಣಿಗೆ ಕಂಡ ಕಾಯಿಲೆ

ದಾವಣಗೆರೆಯ ಒಂದು ಅಕ್ಕನ ಬಳಗ... ಅಲ್ಲಿ ವಚನ ಹಾಡುವಾಗ ಮೈಕ್ ಯಾವಾಗಲೂ ಸರ್ವಮಂಗಳಮ್ಮನ ಕೈಯಲ್ಲೇ!

ಪಕ್ಕದಲ್ಲಿ ಕೂರುವ ಕೊಟ್ರಮ್ಮನಿಗೆ ಅದೇ ಸಂಕಟ.

ಇಬ್ಬರಿಗೂ ಎಪ್ಪತ್ತು ದಾಟಿದೆ. ಆದರೆ ಚಪ್ಪಾಳೆಯೆಲ್ಲ ಸರ್ವಮಂಗಳಮ್ಮನಿಗೇ...

ಎಲ್ಲಿ ತಪ್ಪುತ್ತಾಳೋ ಎಂದು ಕೊಟ್ರಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು.

ಒಂದು ಸೋಮವಾರ ಸರ್ವಮಂಗಳಮ್ಮ ಹಾಡುತ್ತಾ ಹಾಡುತ್ತಾ ನಿಂತುಬಿಟ್ಟರು.

ಕಣ್ಣು ಒಂದೇ ಕಡೆ ನೆಟ್ಟಿತ್ತು... ಬಾಯಿ ಎಲೆಯಡಿಕೆ ಮೆಲ್ಲುವಂತೆ ಆಡುತ್ತಿತ್ತು... ಬಲಗೈ ಸೆರಗನ್ನು ಹಿಂಡುತ್ತಿತ್ತು. ಕರೆದರೂ ಓಗೊಡಲಿಲ್ಲ.

ಒಂದೆರಡು ನಿಮಿಷದ ಮೇಲೆ, "ಯಾವ ವಚನ ಹೇಳ್ತಿದ್ವಿ?" ಎಂದು ಗಲಿಬಿಲಿಯಿಂದ ಕೇಳಿದರು.

ಕೊಟ್ರಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ!

ಮತ್ತೆ ಹಾಗೇ ಆಯಿತು... ಆಮೇಲೂ ಆಯಿತು. "ವಯಸ್ಸಾಯ್ತು, ಮರೆವಿನ ಕಾಯಿಲೆ" ಎಂದರು ಎಲ್ಲರೂ. ಸೊಸೆ ರೂಪಾ ಹೆದರಿ ಅತ್ತೆಯನ್ನು ಬಳಗಕ್ಕೆ ಕಳಿಸುವುದನ್ನೇ ನಿಲ್ಲಿಸಿದಳು.

ಮೈಕ್ ಕೊಟ್ರಮ್ಮನಿಗೆ ಸಿಕ್ಕಿತು. ಹಾಡಿ ಮುಗಿಸಿದರೆ ಹಿಂದಿನಿಂದ ಯಾರೋ, "ಸರ್ವಮಂಗಳಮ್ಮ ಇದ್ದಿದ್ರೆ..." ಎನ್ನಬೇಕೆ!

ಮೈಯೆಲ್ಲ ಉರಿಯಿತು. ಅವಳ ಸ್ಥಿತಿ ಕಣ್ಣಾರೆ ನೋಡಿಯೇ ಬರೋಣ ಎಂದು ನೇರ ಅವರ ಮನೆಗೆ ಹೋದರು.

ಸರ್ವಮಂಗಳಮ್ಮ ಕೈ ಹಿಡಿದುಕೊಂಡರು. "ನಂಗೆ ಎಲ್ಲಾ ನೆನಪೈತೆ ಕಣೇ ಕೊಟ್ರಮ್ಮ... ಯಾರೂ ನಂಬಲ್ಲ" ಎಂದು ಇಡೀ ವಚನ ಹಾಡಿದರು. ಒಂದಕ್ಷರ ತಪ್ಪಲಿಲ್ಲ.

ಕೊಟ್ರಮ್ಮನ ಹೊಟ್ಟೆ ಮತ್ತೆ ಉರಿಯಿತು... ಕಣ್ಣೂ ತುಂಬಿತು.

"ರೂಪಾ, ಇದು ಬರೀ ಮರೆವಲ್ಲವ್ವ. ಹಂಗೆ ಬಂದು ಹಿಂಗೆ ಹೋಗ್ತೈತೆ. ಪ್ರತಿ ಸಲ ಅದೇ ಕಣ್ಣು, ಅದೇ ಬಾಯಿ, ಅದೇ ಕೈ... ನಡಿ, ನರದ ಡಾಕ್ಟ್ರಿಗೆ ನಾನೇ ಹೇಳ್ತೀನಿ!"

ಡಾಕ್ಟರ್ ಎಲ್ಲ ಕೇಳಿದರು. ಮಿದುಳಿನ ಸ್ಕ್ಯಾನ್, ಇಇಜಿ ಮಾಡಿಸಿದರು.

"ಇದು ಫಿಟ್ಸ್ ಅಮ್ಮ. ಬಿದ್ದು ಒದ್ದಾಡಲೇಬೇಕು ಅಂತಿಲ್ಲ, ವಯಸ್ಸಾದವರಿಗೆ ಹೀಗೂ ಬರುತ್ತೆ. ಆ ಹೊತ್ತಿನದು ಅವರಿಗೇ ನೆನಪಿರಲ್ಲ, ನೋಡಿದವರೇ ಹೇಳ್ಬೇಕು. ನೀವು ಇಷ್ಟು ಚೆನ್ನಾಗಿ ಹೇಗೆ ಗಮನಿಸಿದ್ರಿ?"

ಕೊಟ್ರಮ್ಮ ತಲೆ ತಗ್ಗಿಸಿದರು. "ಹೊಟ್ಟೆಕಿಚ್ಚಿಗೆ ಸ್ವಾಮಿ..."

ಸರ್ವಮಂಗಳಮ್ಮ ಅವರನ್ನು ಬರಸೆಳೆದು ಅತ್ತೇಬಿಟ್ಟರು. "ಮನೆಯೋರ ಪ್ರೀತಿಗೆ ಕಾಣದ್ದು ನಿನ್ನ ಹೊಟ್ಟೆಕಿಚ್ಚಿಗೆ ಕಾಣ್ತಲ್ಲೇ ತಾಯಿ!"

ಮಾತ್ರೆ ಹಿಡಿದ ಮೇಲೆ ಆ ಗಳಿಗೆ ಮತ್ತೆ ಬರಲಿಲ್ಲ. ಈಗ ಇಬ್ಬರೂ ಜೊತೆಗೇ ಹಾಡುತ್ತಾರೆ... ಕೊಟ್ರಮ್ಮನಿಗೆ ಈಗಲೂ ಒಂಚೂರು ಉರಿಯುತ್ತದೆ, ಸುಳ್ಳೇಕೆ!

*"ವಯಸ್ಸಾಯ್ತು" ಎಂಬುದು ಯಾವ ಕಾಯಿಲೆಯ ಹೆಸರೂ ಅಲ್ಲ.*

ನಿಮ್ಮ ಮನೆಯ ಹಿರಿಯರು ಮಾತಿನ ನಡುವೆ ಮಂಕಾಗಿ ನಿಂತಾಗ... ನೀವು ಅವರ ಮುಖವನ್ನು ಸರಿಯಾಗಿ ನೋಡಿದ್ದೀರಾ?