ಇಳಿಯದವಳು

"ನೋಡಿದ್ಯಲ್ಲ ಮಹಾಮಾಯಾ, ಸಿನಿಮಾದಾಗ ಕಡೀಕ ಅಕಿ ನೌಕರಿ ಬಿಟ್ಟು, ಬಸ್ ಇಳದು ಗಂಡನ ಹಿಂದ ಬಂದ್ಲು. ಪ್ರೀತಿ ಅಂದ್ರ ಹಾಂಗಿರ್ಬೇಕು. ನೀನೂ ಔರಾದ ಸಾಲಿ ಟೀಚರ್ ನೌಕರಿ ಬಿಡು, ಭಾಲ್ಕಿಗಿ ನಡಿ."

ಸಿನಿಮಾ ಮುಗಿಸಿ ಬೀದರ ಬಸ್ ಸ್ಟ್ಯಾಂಡಿಗೆ ಬಂದರೂ ಕೈಲಾಶ ಹೆಂಡತಿಗೆ ಅದನ್ನೇ ಹೇಳುತ್ತಿದ್ದ. ಮಹಾಮಾಯಾ ಚೀಲದಿಂದ ಆ ಸಿನಿಮಾದ ಮೂಲ ಕಾದಂಬರಿಯನ್ನು ಹೊರತೆಗೆದಳು. ಕಾಲೇಜಿನ ದಿನಗಳಿಂದ ಓದಿ ಓದಿ ಅದರ ರಟ್ಟು ಕಿತ್ತುಹೋಗಿತ್ತು.

"ಅಕಿನ್ನ ಸಿನಿಮಾದವರು ಇಳಿಸ್ಯಾರ್ರಿ. ಪುಸ್ತಕದಾಗ ಅಕಿ ಇಳಿಯಂಗಿಲ್ಲ."

"ಪುಸ್ತಕ ಯಾರು ಓದ್ತಾರ ಈಗ?"

"ನಾ ಓದೀನ್ರಿ."

ಅಷ್ಟರಲ್ಲಿ ಔರಾದ ಬಸ್ಸು ಬಂದು ನಿಂತಿತು. ಜನ ಬಾಗಿಲಿಗೆ ಮುಗಿಬಿದ್ದರು. ಸೀಟು ಹಿಡಿಯಲು ಕಿಟಕಿಗಳಿಂದ ಟವೆಲು, ಕರವಸ್ತ್ರ ಒಳಗೆ ಬೀಳತೊಡಗಿದವು. ಮಹಾಮಾಯಾ ಗಂಡನ ಪಕ್ಕದಿಂದ ಸರಿದು, ತುದಿಗಾಲಲ್ಲಿ ನಿಂತು, ಕಾದಂಬರಿಯನ್ನು ಕಿಟಕಿಯೊಳಗೆ ಎಸೆದಳು.