ಮರಿ ಮೇಷ್ಟ್ರು

"ಕೀ ತಗೊಳ್ಳಿ ಅಣ್ಣ. ನಾಳೆಯಿಂದ ನಾನು ಬರಲ್ಲ."

ವಿಶ್ವವಿದ್ಯಾಲಯದ ಆ ಲ್ಯಾಬಿಗೆ ಸೇರಿ ಎಂಟು ತಿಂಗಳಾಗಿದ್ದ ಹುಡುಗಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಹಿರಿಯ ಸಂಶೋಧಕ ಕಂಪ್ಯೂಟರಿನಿಂದ ಕಣ್ಣು ಕೀಳದೆ, "ಯಾಕಮ್ಮ?" ಎಂದ.

"ಈ ಕೆಲಸ ನನ್ನ ಕೈಲಾಗಲ್ಲ. ಮರಿ ಮೇಷ್ಟ್ರು ದಿನಾ ಅದನ್ನೇ ಹೇಳ್ತಿದ್ದಾರಲ್ಲ. ನಿನ್ನೆ ಮೂವತ್ತೊಂದು ತಪ್ಪು."

ಮರಿ ಮೇಷ್ಟ್ರು ಎಂದರೆ ಅವನೇ ಮೂರು ವರ್ಷ ಬೆವರು ಸುರಿಸಿ ಕಟ್ಟಿದ ಎಐ. ಯಾರು ಪ್ರೋಗ್ರಾಂ ಬರೆದರೂ ಓದಿ ಸಾಲು ಸಾಲಿಗೂ ಟಿಪ್ಪಣಿ ಹಾಕುತ್ತಿತ್ತು: ಈ ಹೆಸರು ಉದ್ದವಾಯಿತು, ಈ ಸಾಲು ಬೇಡ, ಇಲ್ಲಿ ಸೊನ್ನೆ ಬಂದರೆ ಏನು ಗತಿ? ಅವನ ಡಾಕ್ಟರೇಟ್ ನಿಂತಿದ್ದುದೇ ಅದರ ಮೇಲೆ. ಹಾಗಾಗಿ ಕೇಳಬೇಕಾದದ್ದನ್ನು ಬಿಟ್ಟು ಕೇಳಬಾರದ್ದನ್ನು ಕೇಳಿದ: "ಮೂವತ್ತೊಂದರಲ್ಲಿ ತಪ್ಪಿಲ್ಲದಿದ್ದರೂ ಅದು ತಪ್ಪು ಅಂದಿದ್ದು ಎಷ್ಟು?"

"ಒಂದೂ ಇಲ್ಲ ಅಣ್ಣ. ಎಲ್ಲಾ ಸರಿಯಾಗೇ ಹೇಳಿತ್ತು," ಎಂದು ಹುಡುಗಿ ಚೀಲ ಹೆಗಲಿಗೇರಿಸಿ ಹೊರಟಳು. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಅವನು ತನ್ನ ಪ್ರಬಂಧದ ಕೋಷ್ಟಕದಲ್ಲಿ ಮೂವತ್ತೊಂದಕ್ಕೆ ಮೂವತ್ತೊಂದು ಎಂದು ತುಂಬಿಸಿಯಾಗಿತ್ತು. ಓದಿದವರ ತಲೆಗೆ ಇಂಥ ಮಂಕು ಕವಿಯುವುದು ಹೊಸದೇನಲ್ಲ.

ಮಧ್ಯಾಹ್ನ ನಿಜವಾದ ಮೇಷ್ಟ್ರು ಬಂದರು. ಇಪ್ಪತ್ತೆರಡು ವರ್ಷ ಅದೇ ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಪ್ರೋಗ್ರಾಂ ತಿದ್ದಿ ನಿವೃತ್ತರಾದವರು. ಅವರು ಬರೆದಿಟ್ಟ ಟಿಪ್ಪಣಿಗಳನ್ನು ಓದಿಸಿಯೇ ಮರಿ ಮೇಷ್ಟ್ರನ್ನು ತಯಾರು ಮಾಡಿದ್ದು. ಬಂದವರೇ ಖಾಲಿ ಕುರ್ಚಿ ನೋಡಿ, "ಎಲ್ಲಪ್ಪಾ ಆ ಹುಡುಗಿ? ಅವಳು ಕಳಿಸಿದ್ದ ಪ್ರೋಗ್ರಾಂ ಓದಿದೆ. ಆರು ಗಂಟೆ ಹಿಡೀತಿದ್ದ ಕೆಲಸಾನ ಇಪ್ಪತ್ತು ನಿಮಿಷಕ್ಕೆ ಇಳಿಸಿದ್ದಾಳೆ. ಭೇಷ್ ಅಂತ ಹೇಳಿ ಹೋಗೋಣ ಅಂತ ಬಂದೆ," ಎಂದರು.

"ಬಿಟ್ಟು ಹೋದ್ಲು ಮೇಷ್ಟ್ರೇ."

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಮೂವತ್ತೊಂದು ಟಿಪ್ಪಣಿಗಳನ್ನೂ ಒಂದೊಂದಾಗಿ ಓದಿದರು. "ಮಾತೆಲ್ಲ ನನ್ನದೇ. ಆದ್ರೆ ನಾನು ಬರೀ ಇಷ್ಟೇ ಬರೀತಿದ್ನಾ? ಉಳಿದಿದ್ದೆಲ್ಲ ಏನ್ಮಾಡ್ದೆ?"

"ಜೊಳ್ಳು ತೂರಿ ಕಾಳು ಇಟ್ಕೊಂಡೆ ಮೇಷ್ಟ್ರೇ. ನೀವು ಟಿಪ್ಪಣಿ ಬರೆದ ಮೇಲೆ ಪ್ರೋಗ್ರಾಂ ಬದಲಾಗಿದ್ರೆ ಅದು ಉಪಯೋಗದ ಟಿಪ್ಪಣಿ. ಬದಲಾಗದೇ ಇದ್ರೆ ಜೊಳ್ಳು ಅಂತ ತೆಗೆದ್ಹಾಕ್ದೆ. ಎಲ್ಲರೂ ಹಾಗೇ ಮಾಡೋದು."

"ಅಲ್ಲಪ್ಪಾ, ಚೆನ್ನಾಗಿದೆ ಅಂತ ಬರೆದ್ರೆ ಯಾರಾದ್ರೂ ಬದಲಾಯಿಸ್ತಾರಾ?"

ಅವನು ತೆಗೆದುಹಾಕಿದ್ದನ್ನೆಲ್ಲ ತುಂಬಿಟ್ಟಿದ್ದ ಫೈಲು ತೆರೆದ. ಹನ್ನೊಂದು ಸಾವಿರ ಸಾಲುಗಳಿದ್ದವು. 'ಇದು ನಿನಗೆ ಹೇಗೆ ಹೊಳೆಯಿತು?' 'ಇಲ್ಲಿ ನನಗೇ ಪಾಠವಾಯಿತು.' 'ಊಟ ಮಾಡಿ ಬಂದು ಮತ್ತೆ ನೋಡು, ಏನೂ ಮುಳುಗಿಹೋಗಿಲ್ಲ.' ಓದುತ್ತಾ ಹೋದವನಿಗೆ ಒಂದು ಕಡೆ ತನ್ನದೇ ಹೆಸರು ಸಿಕ್ಕಿತು. ಒಂಬತ್ತು ವರ್ಷದ ಹಿಂದಿನದು. 'ನಲವತ್ತು ತಪ್ಪು ಹಿಡಿದೆನೆಂದು ಮುಖ ಸಪ್ಪೆ ಮಾಡಬೇಡ. ಕೊನೆಯ ಭಾಗ ಸೊಗಸಾಗಿದೆ. ನಾಳೆ ತಪ್ಪದೆ ಬಾ.'

ಆ ದಿನ ಅವನ ಜೇಬಿನಲ್ಲೂ ಲ್ಯಾಬಿನ ಕೀ ಇತ್ತು, ವಾಪಸ್ಸು ಕೊಟ್ಟುಬಿಡೋಣ ಎಂದು ಬಂದಿದ್ದ. ಈ ಮೂರು ಮಾತು ಓದಿ ಕೀಯನ್ನು ಜೇಬಿನಲ್ಲೇ ಉಳಿಸಿಕೊಂಡು ಮನೆಗೆ ಹೋಗಿದ್ದ. ಅದನ್ನೇ ಈಗ ತನ್ನ ಕೈಯಾರೆ ಜೊಳ್ಳೆಂದು ತೂರಿಬಿಟ್ಟಿದ್ದ. ಮೇಷ್ಟ್ರು ಬೈದಿದ್ದರಾದರೂ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ, ಎದ್ದು ಹುಡುಗಿಯ ಕುರ್ಚಿಯನ್ನು ಮೇಜಿನಡಿಗೆ ಸರಿಸಿ ಹೊರಟುಹೋದರು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಆದರೂ ಅವನು ಅವಳಿಗೆ ಫೋನ್ ಮಾಡಿದ. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದೂ ಇಟ್ಟುಕೊಂಡಿದ್ದ. ಮೊದಲೆರಡು ಸಲ ಅವಳು ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದಳು. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು. ಅವನು ಚೀಟಿ ನೋಡಿ ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು:

"ಹೇಳಿ ಅಣ್ಣ. ಮೂವತ್ತೆರಡನೇ ತಪ್ಪು ಸಿಕ್ತಾ?"